ಅಪ್ಪ ಓದುತ್ತಿದ್ದ ಕಾಗದಗಳು

ಅಪ್ಪನ ದಿವಸದ ಊಟ ಮುಗಿದು ಬಂಧುಗಳೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಹೊತ್ತಿನಲ್ಲಿ, ಪಕ್ಕದ ಹಳ್ಳಿಯ ಮಧ್ಯವಯಸ್ಸಿನ ರೈತನೊಬ್ಬ ಬಾಗಲವಾಡದ ನಮ್ಮ ಮನೆಯ ಕಟ್ಟೆಯ ಬಳಿ ಬಂದು ನಿಂತ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆಗಳಲ್ಲಿ ಹರಿಯತೊಡಗಿದ್ದ ಹಳದಿ ಬಣ್ಣದ ಕಾಗದ. 'ಮಾಸ್ತರ್ ಅದಾರೇನ್ರಿ?' ಎಂದು ಕೇಳಿದ. ಸುದ್ದಿ ಅವನಿಗೆ ತಲುಪಿರಲಿಲ್ಲ. ವಿಷಯ ತಿಳಿಸಿದಾಗ ಚಪ್ಪಲಿ ಬಿಟ್ಟು ಒಳಬಂದು, ಅಪ್ಪನ ಫೋಟೊಗೆ ಕೈಮುಗಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಊಟಕ್ಕೆ ಎಬ್ಬಿಸಿದೆವು, ಉಂಡ. ಹೊರಡುವಾಗ ಚೀಲವನ್ನು ಎದೆಗೊತ್ತಿಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದ: 'ಹಂಗಾರ ಇನ್ನ ಇದನ್ನ ಓದಾರು ಯಾರ್ರಿ?'

ಆ ಕಾಗದ ಉರ್ದುವಿನಲ್ಲಿತ್ತು. ನಿಜಾಮರ ಕಾಲದ ಕಂದಾಯ ದಾಖಲೆಯೊಂದರ ನಕಲು. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ನಾಲ್ಕು ದಶಕ ನೌಕರಿ ಮಾಡಿದವನು, ಕನ್ನಡ ಇಂಗ್ಲಿಷ್ ಎರಡರಲ್ಲೂ ಕಡತಗಳನ್ನು ಓದಿ ಟಿಪ್ಪಣಿ ಬರೆದವನು, ಆ ಕಾಗದದ ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯದೆ ಹಿಂದಿರುಗಿಸಿದೆ. ಅಪ್ಪ ಹೋದನೆಂಬುದು ಅದುವರೆಗೆ ನನಗೆ ಮನೆಯ ದುಃಖವಾಗಿತ್ತು. ಸುತ್ತಲಿನ ಐದಾರು ಹಳ್ಳಿಗಳಿಗೆ ಅದು ಬೇರೆಯದೇ ಒಂದು ನಷ್ಟವೆಂಬುದು ಹೊಳೆದದ್ದು ಆಗ.

ಹಳೆಯ ಮಾನ್ವಿ ತಾಲೂಕಿನ ಬಾಗಲವಾಡ ಕೃಷ್ಣೆ ತುಂಗಭದ್ರೆಯರ ನಡುವಿನ ದೋಆಬ್ ಪ್ರದೇಶದ ಊರು. ಈ ಎರೆಭೂಮಿಗಾಗಿ ವಿಜಯನಗರದವರೂ ಬಹಮನಿಗಳೂ ಬಿಜಾಪುರದವರೂ ಎಷ್ಟು ಸಲ ಕಾದಾಡಿದರು ಎಂಬುದು ಶಾಲೆಯ ಪುಸ್ತಕದಲ್ಲಿದೆ. 1520ರ ರಾಯಚೂರು ಯುದ್ಧದ ಇಸವಿಯನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ 1853ರಲ್ಲಿ ನಿಜಾಮರು ಸಾಲದ ಬಾಬತ್ತಿಗೆ ಈ ದೋಆಬನ್ನು ಇಂಗ್ಲಿಷರಿಗೆ ಒಪ್ಪಿಸಿದ್ದು, 1860ರಲ್ಲಿ ಅದು ಮರಳಿ ಹೈದರಾಬಾದಿಗೆ ಸೇರಿದ್ದು, ಆ ಮರಳುವಿಕೆಯಿಂದಾಗಿಯೇ ಮುಂದಿನ ಎಂಬತ್ತೆಂಟು ವರ್ಷ ನಮ್ಮ ಹೊಲಗಳ ಲೆಕ್ಕ ನಿಜಾಮರ ಕಚೇರಿಗಳಲ್ಲಿ ಉಳಿದದ್ದು ಯಾವ ಪಾಠದಲ್ಲಿಯೂ ಬರುವುದಿಲ್ಲ. ಯುದ್ಧಗಳಿಗಿಂತ ಈ ಹಸ್ತಾಂತರವೇ ನಮ್ಮ ಊರಿನವರ ಬದುಕನ್ನು ಹೆಚ್ಚು ತಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಅಪ್ಪ ಹುಟ್ಟಿದ್ದು ಸುಮಾರು 1935ರಲ್ಲಿ. 'ಸುಮಾರು' ಎನ್ನುವುದಕ್ಕೆ ಕಾರಣವಿದೆ. ಶಾಲೆಯ ದಾಖಲೆಯಲ್ಲಿ ಅವನ ಜನ್ಮದಿನ ಜೂನ್ 1. ಅವನ ತಮ್ಮಂದಿರಿಬ್ಬರದೂ ಜೂನ್ 1. ಆ ತಲೆಮಾರಿನ ಅರ್ಧ ಊರು ಒಂದೇ ದಿನ ಹುಟ್ಟಿದಂತೆ ಮಾಸ್ತರರು ಬರೆದಿಟ್ಟಿದ್ದಾರೆ. ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಲೆಕ್ಕ ಬೇರೆ: ಅಲಾಯಿ ದೇವರು ಎದ್ದ ಮರುದಿನ ಹುಟ್ಟಿದ ಕೂಸು. ನಮ್ಮ ಕಡೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಎಲ್ಲರ ಹಬ್ಬ. ಅಲಾಯಿ ಕುಣಿ ತೋಡುವವರು, ಹೆಜ್ಜೆ ಹಾಕುವವರು, ಹರಕೆ ಹೊರುವವರು ಬಹಳ ಕಡೆ ಹಿಂದೂಗಳೇ. ಹೀಗಾಗಿ ಅಪ್ಪನ ಹುಟ್ಟಿದ ದಿನವೊಂದು ಹಿಜರಿ ಪಂಚಾಂಗದಲ್ಲಿ, ಶಾಲೆಗೆ ಸೇರಿದ ವರ್ಷವೊಂದು ಫಸಲಿಯಲ್ಲಿ, ನಿವೃತ್ತಿಯ ದಿನ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ. ಹೈದರಾಬಾದಿನ ಫಸಲಿ ಸಂಖ್ಯೆಗೆ 590 ಸೇರಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವನೂ ಅಪ್ಪನೇ.

ಅವನ ಕಲಿಕೆ ನಡೆದದ್ದು ಉರ್ದುವಿನಲ್ಲಿ. ಪ್ರಾಥಮಿಕ ಶಾಲೆಗೆ ತಹತಾನಿಯಾ, ಮಾಧ್ಯಮಿಕಕ್ಕೆ ವಸ್ತಾನಿಯಾ, ಪ್ರೌಢಶಾಲೆಗೆ ಫೌಕಾನಿಯಾ ಎಂದು ಹೆಸರಿದ್ದ ಕಾಲ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನೇ ಉರ್ದು ಮಾಧ್ಯಮದಲ್ಲಿ ತೆರೆದ ಸಂಸ್ಥಾನ ಅದು. ಭಾರತೀಯ ಭಾಷೆಯೊಂದರಲ್ಲಿ ವೈದ್ಯವನ್ನೂ ವಿಜ್ಞಾನವನ್ನೂ ಕಲಿಸಿದ ಆ ಸಾಹಸ ದೊಡ್ಡದೇ. ಆದರೆ ಮನೆಯಲ್ಲಿ ಕನ್ನಡ, ತೆಲುಗು, ಮರಾಠಿ ಆಡುವ ಮಕ್ಕಳಿಗೆ ಅದು ಎಷ್ಟರ ಮಟ್ಟಿಗೆ ತಮ್ಮ ಭಾಷೆಯಾಗಿತ್ತು ಎಂಬ ಪ್ರಶ್ನೆ ಉಳಿದೇ ಇತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮದರ್ದ್ ಶಾಲೆ ತೆರೆದದ್ದು, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಅಲ್ಲಿ ಸಾಹಿತ್ಯ ಸಮ್ಮೇಳನ ಸೇರಿದ್ದು, ಇವೆಲ್ಲ ಕನ್ನಡಕ್ಕೆ ಉಸಿರು ಕೊಟ್ಟ ಸಂಗತಿಗಳು. ಅವುಗಳ ಗಾಳಿ ಹಳ್ಳಿಗೆ ತಲುಪಲು ಕಾಲ ಹಿಡಿಯಿತು. ಅಪ್ಪ ಕನ್ನಡ ಅಕ್ಷರ ಕಲಿತದ್ದು ಊರ ಗುಡಿಯ ಪಡಸಾಲೆಯಲ್ಲಿ, ಸಂಜೆ ಹೊತ್ತು, ಮರಳಿನ ಮೇಲೆ.

1948ರ ಸೆಪ್ಟೆಂಬರಿನಲ್ಲಿ ಅವನಿಗೆ ಹದಿಮೂರು. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳ ಮೇಲೆ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು; 13ರಂದು ಆರಂಭವಾದ ಕಾರ್ಯಾಚರಣೆ 17ರಂದು ಸಂಸ್ಥಾನದ ಶರಣಾಗತಿಯೊಂದಿಗೆ ಮುಗಿಯಿತು. ರಜಾಕಾರರ ಹಾವಳಿಯ ದಿನಗಳಲ್ಲಿ ಹೆಂಗಸರು ಮಕ್ಕಳನ್ನು ಹೊಳೆ ದಾಟಿಸಿ ಬಳ್ಳಾರಿ ಸೀಮೆಗೆ ಕಳಿಸಿದ್ದನ್ನು, ಜೋಳವನ್ನು ಹಗೇವಿನಲ್ಲಿ ಮುಚ್ಚಿ ಮೇಲೆ ತಿಪ್ಪೆ ಹರವಿದ್ದನ್ನು ಅಪ್ಪ ಮೊಮ್ಮಕ್ಕಳಿಗೆ ಕಥೆಯಂತೆ ಹೇಳುತ್ತಿದ್ದ. ಆದರೆ ಅವನ ಕಥೆ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಸೇನೆ ಬಂದ ಮೇಲೆ ಅಂಜಿಕೆ ಮನೆ ಬದಲಿಸಿತು. ನಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ನೆರೆಯ ಮುಸ್ಲಿಂ ಕುಟುಂಬವೊಂದು ಒಂಬತ್ತು ರಾತ್ರಿ ಕಳೆಯಿತು. ಅವರಿಗೆ ರೊಟ್ಟಿ, ಪುಂಡಿಪಲ್ಯ ಒಯ್ದು ಕೊಡುವ ಕೆಲಸ ಅಪ್ಪನದು. 'ಎರಡೂ ಹೇಳಬೇಕಪಾ. ಒಂದ ಹೇಳಿದ್ರ ಸುಳ್ಳ ಆಗತದ' ಎನ್ನುತ್ತಿದ್ದ. ಆ ದಿನಗಳ ಕುರಿತು ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲರ ತಂಡ ಗುಲ್ಬರ್ಗಾ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳನ್ನು ಅತಿ ಹೆಚ್ಚು ನೊಂದವೆಂದು ಗುರುತಿಸಿತ್ತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಬರಲಿಲ್ಲ. ಇಂದು ಪ್ರತಿ ಸೆಪ್ಟೆಂಬರ್ 17ರಂದು ಧ್ವಜ ಏರಿಸಿ ಭಾಷಣ ಮಾಡುವವರಲ್ಲಿ ಕೆಲವರು ಮೊದಲರ್ಧವನ್ನಷ್ಟೇ ಹೇಳುತ್ತಾರೆ, ಅವರನ್ನು ಟೀಕಿಸುವವರಲ್ಲಿ ಕೆಲವರು ಎರಡನೆಯ ಅರ್ಧವನ್ನಷ್ಟೇ. ರೊಟ್ಟಿ ಒಯ್ದ ಹುಡುಗನಿಗೆ ಈ ಅನುಕೂಲ ಇರಲಿಲ್ಲ.

ಶಾಲೆ ನಿಂತುಹೋದ ಮೇಲೆ ಅಪ್ಪ ಕೆಲವು ವರ್ಷ ಪಟವಾರಿಯೊಬ್ಬರ ಕೈಕೆಳಗೆ ನಕಲು ಬರೆಯುವ ಕೆಲಸ ಮಾಡಿದ. ಅವನ ಮುಂದಿನ ಬದುಕಿನ ಗುಟ್ಟು ಇರುವುದು ಈ ಕೆಲಸದಲ್ಲಿ. ಅಚ್ಚಿನ ಉರ್ದು ಓದಬಲ್ಲವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಕಂದಾಯದ ಉರ್ದು ಬೇರೆಯೇ. ಶಿಕಸ್ತಾ ಎಂಬ ಓಟದ ಬರಹ ಅದು. ಗುಮಾಸ್ತರು ಅಕ್ಷರದ ಚುಕ್ಕೆಗಳನ್ನು ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ಚುಕ್ಕೆಯಿಲ್ಲದಿದ್ದರೆ ಅಲ್ಲಿ ಬ, ಪ, ತ ಎಲ್ಲವೂ ಒಂದೇ ಗೆರೆ. ಮೊತ್ತಗಳನ್ನು ಅಂಕಿಯಲ್ಲಿ ಬರೆಯದೆ ಅರಬ್ಬಿ ಸಂಖ್ಯಾಪದಗಳ ಸಂಕ್ಷಿಪ್ತ ರೂಪದಲ್ಲಿ ಗೀಚುವ ರಕಮ್ ಪದ್ಧತಿ ಇನ್ನೊಂದು. ಇವುಗಳ ಮೇಲೆ ಖುಷ್ಕಿ, ತರಿ, ಬಾಗಾಯತ್, ಪಟ್ಟೇದಾರ, ಕಾಬಿಜ್, ಕೌಲ್‌ದಾರ ಎಂಬ ಪಾರಿಭಾಷಿಕ ಪದಗಳು. ಪಟ್ಟೇದಾರನೆಂದರೆ ಹೆಸರಿಗೆ ಒಡೆಯ, ಕಾಬಿಜ್ ಎಂದರೆ ನಿಜವಾಗಿ ನೆಲದ ಮೇಲಿರುವವನು. ಒಂದು ಪದದ ವ್ಯತ್ಯಾಸದಲ್ಲಿ ಒಂದು ಕುಟುಂಬದ ನಾಲ್ಕು ತಲೆಮಾರು ಅಡಗಿರುತ್ತದೆ.

1949ರಲ್ಲಿ ಜಹಗೀರುಗಳು ರದ್ದಾದವು. 1950ರ ಹೈದರಾಬಾದ್ ಗೇಣಿ ಕಾಯ್ದೆ ರಕ್ಷಿತ ಗೇಣಿದಾರ ಎಂಬ ಹೊಸ ಹಕ್ಕುದಾರನನ್ನು ಸೃಷ್ಟಿಸಿತು. 1954-55ರ ಖಾಸ್ರಾ ಪಹಣಿ ಹೊಲ ಹೊಲ ತಿರುಗಿ ಯಾರ ವಶದಲ್ಲಿ ಏನಿದೆಯೆಂದು ಬರೆಯಿತು. ಮರುವರ್ಷವೇ ಇನಾಮು ರದ್ದತಿ. ಅಂದರೆ ನಮ್ಮ ಭಾಗದ ಬಡವನಿಗೆ ನೆಲದ ಹಕ್ಕು ಮೊದಲ ಬಾರಿಗೆ ಕಾಗದದ ಮೇಲೆ ಬಂದ ವರ್ಷಗಳೂ ಆ ಕಾಗದ ಉರ್ದುವಿನಲ್ಲಿದ್ದ ವರ್ಷಗಳೂ ಒಂದೇ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಆಡಳಿತ ಕನ್ನಡಕ್ಕೆ ತಿರುಗಿತು. ಸಂಭ್ರಮಪಡಬೇಕಾದ ಸಂಗತಿಯೇ. ಕನ್ನಡ ಮಾಸ್ತರಿಕೆಗೆ ಸೇರಿದ್ದ ಅಪ್ಪನೂ ಅಂದು ಸಂಭ್ರಮಪಟ್ಟಿದ್ದ. ಹಳೆಯ ಗಂಟುಗಳು ಮಾತ್ರ ದಾಖಲೆ ಕೋಣೆಗಳಲ್ಲಿ ಹಾಗೆಯೇ ಉಳಿದವು. ಅವನ್ನು ಓದಬಲ್ಲ ಗುಮಾಸ್ತರು ಒಬ್ಬೊಬ್ಬರಾಗಿ ನಿವೃತ್ತರಾದರು, ಆಮೇಲೆ ಒಬ್ಬೊಬ್ಬರಾಗಿ ತೀರಿಕೊಂಡರು.

ಹೀಗಾಗಿ ಜನ ಅಪ್ಪನ ಬಳಿ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ನಾಲ್ಕೈದು ಜನ ಕಾಯ್ದಿರುವುದು ನನ್ನ ಬಾಲ್ಯದ ಸಾಮಾನ್ಯ ನೋಟ. ಅಪ್ಪ ಕಾಗದವನ್ನು ಬಿಸಿಲಿಗೆ ಹಿಡಿದು, ಮೊದಲು ಉರ್ದುವಿನಲ್ಲಿ ಗಟ್ಟಿಯಾಗಿ ಓದಿ, ನಂತರ ಕನ್ನಡದಲ್ಲಿ ಹೇಳಿ, ಕೊನೆಗೆ ಶಾಲೆಯ ಹಾಳೆಯಲ್ಲಿ ದುಂಡಗೆ ಬರೆದುಕೊಡುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. ಯಾರಾದರೂ ಒಂದು ಸೇರು ಅಲಸಂದಿಯನ್ನೋ ಸಜ್ಜೆಯನ್ನೋ ಬಿಟ್ಟುಹೋದರೆ ಅವ್ವ ಒಳಗೆ ತೆಗೆದಿಡುತ್ತಿದ್ದಳು. ಅದು ಅವನಿಗೆ ತಿಳಿದಿತ್ತೋ ಇಲ್ಲವೋ, ನಾವು ಕೇಳಲಿಲ್ಲ.

1983ರಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಊರ ಚಾಕರಿಯ ಕುಟುಂಬವೊಂದರ ಹಿರಿಯ, ದಲಿತ, ತನ್ನ ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದವೊಂದನ್ನು ತಂದಿದ್ದ. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯ್ದೆ 1963ರ ಫೆಬ್ರುವರಿಯಲ್ಲಿ ಜಾರಿಗೆ ಬಂದಿತ್ತು. ಚಾಕರಿಗಾಗಿ ಕೊಟ್ಟಿದ್ದ ಜಮೀನನ್ನು ಆ ಕುಟುಂಬಕ್ಕೇ ಮರುಮಂಜೂರು ಮಾಡುವ ಅವಕಾಶ ಅದರಲ್ಲಿತ್ತು. ಆದರೆ ಯಾವ ಜಮೀನು ಎಂದು ತೋರಿಸಬೇಕಲ್ಲ. ಅಪ್ಪ ಕಾಗದ ಓದತೊಡಗಿದವನು ಸರ್ವೆ ನಂಬರಿನ ಬಳಿ ಒಂದು ಕ್ಷಣ ನಿಂತ. ನಂತರ ಹಾಗೆಯೇ ಮುಂದುವರಿಸಿ ಪೂರ್ತಿ ಓದಿದ. ಆ ನಂಬರಿನ ಎರಡು ಎಕರೆಗೂ ಮೀರಿದ ನೆಲ ನಮ್ಮ ಹೊಲದ ಬದುವಿನೊಳಗಿತ್ತು. ನನ್ನ ಅಜ್ಜನ ಕಾಲದಿಂದ ನಾವು ಬಿತ್ತುತ್ತ ಬಂದ ನೆಲ.

ಚಿಕ್ಕಪ್ಪಂದಿರು ಅಂದು ರಾತ್ರಿ ಮನೆಯಲ್ಲಿ ಎಬ್ಬಿಸಿದ ಗದ್ದಲ ನನಗೆ ಈಗಲೂ ಕೇಳಿಸುತ್ತದೆ. 'ಅಣ್ಣಾ, ಅಕ್ಷರ ಅಳಿಸ್ಯಾವ, ಓದಾಕ ಬರವಲ್ದು ಅಂದಿದ್ರ ಏನ ಆಗತಿತ್ತು?' ಎಂದು ಕಿರಿಯ ಚಿಕ್ಕಪ್ಪ ಕೇಳಿದ. ಅಪ್ಪ ಊಟದ ತಾಟು ಸರಿಸಿ ಹೇಳಿದ್ದು ಇಷ್ಟು: 'ಬರದದ್ದನ್ನ ಓದೀನಿ. ಬರದಾಂವ ನಾನಲ್ಲ.' ಜಮೀನು ಹೋಯಿತು. ಚಿಕ್ಕಪ್ಪಂದಿರು ಆರೇಳು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಅದರ ಬಗ್ಗೆ ಎಂದೂ ಮಾತನಾಡಲಿಲ್ಲ, ಹೆಮ್ಮೆಯಿಂದಲೂ ಅಲ್ಲ, ನೋವಿನಿಂದಲೂ ಅಲ್ಲ. ಆಗ ಪದವಿ ಓದುತ್ತಿದ್ದ ನಾನು ಯಾರ ಪಕ್ಷದಲ್ಲಿದ್ದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಸಭೆಗಳಲ್ಲಿ ಸಮಾನತೆಯ ಘೋಷಣೆ ಕೂಗುತ್ತಿದ್ದ ನಾನು ಮನೆಯಲ್ಲಿ ಚಿಕ್ಕಪ್ಪಂದಿರ ಪಕ್ಷದಲ್ಲಿದ್ದೆ.

ಈ ವೈಯಕ್ತಿಕ ನೆನಪನ್ನು ಪತ್ರಿಕೆಯ ಓದುಗರ ಮುಂದಿಡುವುದಕ್ಕೆ ಕಾರಣ, ಕಟ್ಟೆಯ ಬಳಿ ಬಂದು ನಿಂತ ಆ ರೈತನ ಪ್ರಶ್ನೆ. ಅವನನ್ನು ಕರೆದುಕೊಂಡು ನಾನೇ ಕಚೇರಿಯೊಂದಕ್ಕೆ ಹೋದೆ. ಅಲ್ಲಿನ ಸಿಬ್ಬಂದಿ ಸೌಜನ್ಯದಿಂದಲೇ ನಡೆದುಕೊಂಡರು. ದಾಖಲೆಯ ನಕಲು ಕೊಡಬಹುದು, ಆದರೆ ಅದರಲ್ಲಿ ಏನಿದೆ ಎಂದು ತಮಗೂ ತಿಳಿಯದು ಎಂದರು. ಭಾಷಾಂತರಿಸುವವರೊಬ್ಬರಿದ್ದರು, ಅವರಿಗೆ ವಯಸ್ಸಾಯಿತು, ಈಗ ಬರುವುದಿಲ್ಲ ಎಂದರು. ಹೊರಗೆ ಚಹಾದಂಗಡಿಯಲ್ಲಿ ಒಬ್ಬಾತ ಹಾಳೆಗೆ ಇಷ್ಟೆಂದು ದರ ಹೇಳಿ ಓದಿಕೊಡಲು ಮುಂದಾದ. ಅವನು ಓದುವುದು ಕಾಗದದಲ್ಲಿ ಇರುವುದನ್ನೋ ಗಿರಾಕಿಗೆ ಬೇಕಾದುದನ್ನೋ ಎಂದು ತಾಳೆ ನೋಡುವವರು ಯಾರು? ಒಂದು ಲಿಪಿಯನ್ನು ಒಬ್ಬನೇ ಓದಬಲ್ಲವನಾದಾಗ ಆ ಒಬ್ಬನ ಪ್ರಾಮಾಣಿಕತೆಯೇ ಕಾನೂನಾಗಿಬಿಡುತ್ತದೆ. ನಮ್ಮ ಊರಿಗೆ ಅಪ್ಪನಂಥವನು ಸಿಕ್ಕಿದ್ದು ಅದೃಷ್ಟ. ಅದೃಷ್ಟದ ಮೇಲೆ ಕಂದಾಯ ಇಲಾಖೆ ನಡೆಯಬಾರದು.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಈ ಶತಮಾನದ ಆರಂಭದಲ್ಲೇ 'ಭೂಮಿ' ಯೋಜನೆ ಪಹಣಿಯನ್ನು ಗಣಕೀಕರಿಸಿತು, ಕೈಬರಹದ ಪಹಣಿಯ ಕಾಲ ಮುಗಿಯಿತು. 2024ರಿಂದ 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಆರಂಭವಾಗಿದೆ. ಗೆದ್ದಲಿನಿಂದ, ತಿದ್ದುವವರ ಕೈಯಿಂದ ಕಾಗದವನ್ನು ಕಾಪಾಡಲು ಇದು ಅವಶ್ಯ. ಆದರೆ ಓದಲು ಬಾರದ ಬರಹದ ಚಿತ್ರ ತೆಗೆದರೆ ದೊರೆಯುವುದು ಓದಲು ಬಾರದ ಚಿತ್ರ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಈ ಯೋಜನೆಯ ಜೊತೆಗೇ ಓದುವವರನ್ನು ಸಿದ್ಧಪಡಿಸುವ ಕೆಲಸ ಆಗಬೇಕಿತ್ತು. ಈಗಲೂ ಆಗಬಹುದು. ರಾಯಚೂರಿನಲ್ಲೇ ಒಂದು ವಿಶ್ವವಿದ್ಯಾಲಯವಿದೆ, ಕಲಬುರ್ಗಿಯಲ್ಲಿ ಅದಕ್ಕಿಂತ ಹಳೆಯದಿದೆ, ಹಂಪಿಯಲ್ಲಿ ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಓದಲು ಕಲಿಸುವ ಕನ್ನಡ ವಿಶ್ವವಿದ್ಯಾಲಯವಿದೆ. ಸಾವಿರ ವರ್ಷ ಹಿಂದಿನ ಹಳಗನ್ನಡ ಶಾಸನ ಓದಲು ತರಬೇತಿ ಕೊಡುವ ನಾವು ಎಪ್ಪತ್ತು ವರ್ಷದ ಹಿಂದಿನ ಖಾಸ್ರಾ ಓದಲು ಏಕೆ ಕೊಡಬಾರದು? ಒಂದು ವರ್ಷದ ತರಬೇತಿ, ತಾಲೂಕಿಗೆ ಇಬ್ಬರಂತೆ ಅಧಿಕೃತ ಓದುಗರು, ಅವರ ಓದನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ. ಪ್ರದೇಶದ ಅಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡಗಳಿಗೆ ಕೊಡುವ ಹಣದ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬಾರದು. ಕಟ್ಟಡಕ್ಕಾದರೆ ಉದ್ಘಾಟನೆಯ ಕಲ್ಲು ಇರುತ್ತದೆ, ಓದಿಗೆ ಇರುವುದಿಲ್ಲ ಎಂಬುದೊಂದೇ ಅಡ್ಡಿ.

ಇನ್ನೊಂದು ಆಕ್ಷೇಪವನ್ನು ನಾನು ಗೆಳೆಯರಿಂದಲೇ ಕೇಳಿದ್ದೇನೆ. ಮುಚ್ಚಿಹೋದ ವ್ಯಾಜ್ಯಗಳನ್ನು ಏಕೆ ಕೆದಕಬೇಕು, ಹಳೆಯ ಕಾಗದ ಓದಿದರೆ ಊರೂರಲ್ಲಿ ಜಗಳ ಎದ್ದೀತು ಎಂದು. ನಮ್ಮ ಮನೆಯಲ್ಲಿ ಎದ್ದ ಜಗಳವನ್ನು ಕಂಡಿರುವುದರಿಂದ ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಈ ಮಾತನ್ನು ಸಾಮಾನ್ಯವಾಗಿ ಹೇಳುವವರು ಬದುವಿನ ಯಾವ ಕಡೆ ನಿಂತಿದ್ದಾರೆ ಎಂದು ಗಮನಿಸಿ ನೋಡಬೇಕು.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ಬಾಗಲವಾಡವೆಂದರೆ ಬೇಸಿಗೆ ರಜೆ ಮತ್ತು ತಾತ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅರ್ಹತಾ ಪತ್ರಕ್ಕಾಗಿ ಊರಿನ ಕಾಗದಗಳನ್ನು ಹುಡುಕಬೇಕಾಗಿ ಬಂದಾಗ, ನಮ್ಮಂಥ ಎಷ್ಟೋ ನಗರವಾಸಿ ಕುಟುಂಬಗಳಿಗೆ ತಟ್ಟನೆ ತಮ್ಮ ಹಳ್ಳಿ ನೆನಪಾಯಿತು. ನಾವೂ ಹಾಗೆಯೇ ನೆನಪಿಸಿಕೊಂಡವರು, ಅದರಲ್ಲಿ ಬೀಗುವಂಥದ್ದೇನೂ ಇಲ್ಲ. ಆದರೆ ಅವಳಿಗೆ ತಾತನಿಂದ ಸಿಕ್ಕದ್ದು ಅರ್ಹತಾ ಪತ್ರ ಮಾತ್ರವಲ್ಲ. ಎಂಟು ಒಂಬತ್ತು ವರ್ಷದವಳಿದ್ದಾಗ ಮಧ್ಯಾಹ್ನ ನಿದ್ದೆ ಬಾರದ ಮೊಮ್ಮಗಳಿಗೆ ಅವನು ಅಲಿಫ್, ಬೇ, ಪೇ ಕಲಿಸಿದ್ದ, ಹರವಿದ ಜೋಳದ ಹಿಟ್ಟಿನಲ್ಲಿ ಬೆರಳಾಡಿಸಿ. ಹಿಟ್ಟು ಹಾಳು ಮಾಡಿದ್ದಕ್ಕೆ ಇಬ್ಬರಿಗೂ ಅವ್ವನಿಂದ ಬೈಗುಳ ಬಿದ್ದಿತ್ತು. ಮಾಸ್ತರಿಕೆಯಿಂದ 1993ರಲ್ಲಿ ನಿವೃತ್ತನಾದ ಮೇಲೆ ಅವನಿಗೆ ಸಿಕ್ಕ ಕೊನೆಯ ವಿದ್ಯಾರ್ಥಿನಿ ಅವಳು.

ಅಪ್ಪನ ಟ್ರಂಕಿನಲ್ಲಿ ಹನ್ನೆರಡು ಲೆಕ್ಕದ ಪುಸ್ತಕಗಳು ಸಿಕ್ಕವು. ಮೊದಲ ನೋಟಕ್ಕೆ ಉರ್ದು. ಮಗಳು ಬೆರಳಿಟ್ಟು ನಿಧಾನವಾಗಿ ಕೂಡಿಸಿ ಓದಿದಾಗ ಹೊರಬಂದದ್ದು ಕನ್ನಡ. ತನ್ನ ಖಾಸಗಿ ಲೆಕ್ಕವನ್ನು ಅವನು ಉರ್ದು ಲಿಪಿಯಲ್ಲಿ, ಕನ್ನಡ ಭಾಷೆಯಲ್ಲಿ ಬರೆದಿದ್ದ. ಕೈ ಮೊದಲು ಕಲಿತ ಲಿಪಿ, ಬಾಯಿ ಮೊದಲು ಕಲಿತ ನುಡಿ. ಆ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಬೇರೆ ಅಕ್ಷರವಿಲ್ಲ, ಹ್ರಸ್ವ ಸ್ವರಗಳನ್ನು ಬರೆಯುವ ವಾಡಿಕೆಯೂ ಇಲ್ಲ. 'ತಾತ ಎರಡು ಬಂಡಿ ಕಳ್ಳು ತರಿಸಿದ್ದರಾ?' ಎಂದು ಅವಳು ಗಾಬರಿಯಿಂದ ಕೇಳಿದಾಗ, ಅದು ಹಿತ್ತಲ ಗೋಡೆಗೆ ತರಿಸಿದ ಕಲ್ಲು ಎಂದು ವಿವರಿಸುವಷ್ಟರಲ್ಲಿ ಅವ್ವ ನಗುತ್ತ ಕಣ್ಣೊರೆಸಿಕೊಂಡಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಈಗ ಭಾನುವಾರಗಳಂದು ಮಗಳು ಪುಟ ಓದುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಬೀಜ, ಗೊಬ್ಬರ, ಅವ್ವನ ಔಷಧಿ, ನನ್ನ ಕಾಲೇಜಿನ ಫೀಸು. ಕಳೆದ ತಿಂಗಳು 1983ರ ಪುಸ್ತಕಕ್ಕೆ ಬಂದೆವು. ಚಿಕ್ಕಪ್ಪಂದಿರ ಗದ್ದಲ ನಡೆದ ಮರುವಾರದ ಒಂದು ದಿನ. ಅಂದು ಸಂಬಳ ತರಲು ಮಾನ್ವಿಗೆ ಹೋಗುತ್ತೇನೆಂದು ಹೇಳಿ ಹೋದವನು ರಾತ್ರಿ ತಡವಾಗಿ ಬಂದದ್ದು ನನಗೆ ನೆನಪಿದೆ. ಆ ದಿನದ ಎದುರು ಮೂರು ಸಾಲುಗಳಿವೆ. ಅರ್ಜಿಗೆ ಸ್ಟಾಂಪು. ಚಹಾ. ಮಾನ್ವಿಗೆ ಬಸ್ ಚಾರ್ಜು, ಇಬ್ಬರಿಗೆ.